ರಸೀದಿಯ ತಾರೀಖು

2003ರಲ್ಲಿ ಪದ್ಮನಾಭನಗರದ ನಮ್ಮ ಶಾಲೆಗೆ ಹೊಸ ಕಂಪ್ಯೂಟರ್ ಬಂತು. ಹಳೆಯ ಲೆಕ್ಕದ ಸಾಫ್ಟ್‌ವೇರ್ ಅದರಲ್ಲಿ ತೆರೆಯಲೇ ಇಲ್ಲ; ಕಂಪ್ಯೂಟರಿನ ತಾರೀಖನ್ನು ಹತ್ತು ವರ್ಷ ಹಿಂದಕ್ಕಿಟ್ಟರೆ ಮಾತ್ರ ನಡೆಯುತ್ತಿತ್ತು. ಮಕ್ಕಳಿಗೆ ಸತ್ಯವನ್ನು ಬೋಧಿಸುವ ಮುಖ್ಯೋಪಾಧ್ಯಾಯನಾದ ನಾನೇ ಹಾಗೆ ಮಾಡೆಂದು ಗುಮಾಸ್ತೆ ರಾಜಶ್ರೀಗೆ ಹೇಳಿದೆ. ಅವಳು ನನ್ನ ಹಳೆಯ ವಿದ್ಯಾರ್ಥಿನಿ.

ಜೂನ್‌ನಲ್ಲಿ ಪೋಷಕರಾದ ಹಣಮಪ್ಪ, 1993ರ ತಾರೀಖು ಅಚ್ಚಾಗಿದ್ದ ಶುಲ್ಕದ ರಸೀದಿ ಹಿಡಿದು ಬಂದರು. "ಸರ್, ಫೀ ರೊಕ್ಕ ವಾಪಸ್ ಸಿಗ್ತದಂತ ಇದನ್ನ ನಮ್ಮ ಆಫೀಸಿನ್ಯಾಗ ಕೊಟ್ಟೆ. 'ಮಗಳು ಹುಟ್ಟೂಕಿಂತ ಮೊದಲ ಫೀ ಕಟ್ಟೀರೇನು? ಸುಳ್ಳ ರಸೀದಿ' ಅಂತ ಎಲ್ಲಾರ ಮುಂದ ನಕ್ಕರು."

"ರಾಜಶ್ರೀದೇ ತಪ್ಪು," ಎಂದುಬಿಟ್ಟೆ.

ಪಕ್ಕದ ಮೇಜಿನಲ್ಲಿದ್ದ ಅವಳು ಹಣಮಪ್ಪನವರತ್ತ ತಿರುಗಿದಳು. "ಸಾರಿ ಅಂಕಲ್," ಎಂದು ಹೊಸ ರಸೀದಿಯನ್ನು ಕೈಯಲ್ಲೇ ಬರೆದು, ನಿಜವಾದ ತಾರೀಖು ಹಾಕಿ, ಸಹಿಗೆಂದು ನನ್ನ ಮುಂದಿಟ್ಟಳು. ನಾನು ತಲೆಯೆತ್ತದೆ ಸಹಿ ಮಾಡಿದೆ.