ಮಟಾರ್ ಸುಲಿಯಲು ಕರೆದವರು

ಸದಾನಂದರು ಸಭೆಯ ನಡುವೆ ನಡೆದದ್ದನ್ನು ನಾನು ಕಂಡೇ ಇರಲಿಲ್ಲ. ಗೋಡೆಗುಂಟ ಸರಿಯುತ್ತ ಹಿಂಬದಿಯ ಮೂಲೆ ಸೇರುವ ಅವರ ಕಂದು ಕೋಟಿನ ಎಡಭುಜಕ್ಕೆ ಸದಾ ಸುಣ್ಣದ ಬಿಳಿ ಅಂಟಿರುತ್ತಿತ್ತು. ಮುಂಬಯಿಯ ಫೋರ್ಟ್ ಪ್ರದೇಶದ ಬ್ಯಾಂಕೊಂದರ ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಅವರು ಚೆಂಬೂರಿನ ನಮ್ಮ ಕನ್ನಡ ಕೂಟಕ್ಕೆ ತಪ್ಪದೆ ಬರುತ್ತಿದ್ದರು. ಏನು ಕೇಳಿದರೂ "ಹಾಂ, ಹಾಗೆ" ಎಂಬುದಷ್ಟೇ ಉತ್ತರ.

ಕಳೆದ ಡಿಸೆಂಬರಿನ ಕೂಟಕ್ಕೆ ಯಕ್ಷಿತಾ ಎಂಬ ತರುಣಿ ಬಂದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಕಾರ್ಯದರ್ಶಿ ಮೋಹಿನಿಯವರು ಹೊಸಬರಿಗೆಲ್ಲ ಮಾಡುವಂತೆ ಅವಳ ಕೈಗೆ ಮೈಕು ಕೊಟ್ಟರು. "ನನ್ನ ಹೆಸರು... ಯಕ್ಷಿತಾ ಇದೆ" ಎಂದಳು. ಕೆಲವರು ನಕ್ಕರು, ಅವರಲ್ಲಿ ನಾನೂ ಒಬ್ಬ. ಮೈಕನ್ನು ಕುರ್ಚಿಯ ಮೇಲಿಟ್ಟು ಅವಳು ಮೆಟ್ಟಿಲಿಳಿದು ಹೋದಳು.

ಎಂದೂ ಅವಸರಪಡದ ಸದಾನಂದರು ಅವಳ ಹಿಂದೆ ಓಡಿದರು. ನಕ್ಕಿದ್ದಕ್ಕೆ ನಾಚಿ ನಾನೂ ಹೋದೆ. ಬಸ್ ಸ್ಟಾಪಿನಲ್ಲಿ ಅವಳ ಪಕ್ಕ ನಿಂತಿದ್ದ ಸದಾನಂದರು ಬಸ್ಸು ಕಾಣಿಸಿದಾಗ ಬಾಯಿ ತೆರೆದರು: "ಮುಂದಿನ ತಿಂಗಳು ಬಾ ಮಗಾ. ಮಾತಾಡ್ಲಿಕ್ಕೆ ಅಲ್ಲ. ಊಟಕ್ಕೆ ಮಟಾರ್ ಸುಲಿಲಿಕ್ಕೆ ಉಂಟು, ನನ್ನೊಬ್ಬನಿಂದ ಆಗುದಿಲ್ಲ."

ನಮ್ಮ ಊಟ ಬರುವುದು ಹೊಟೇಲಿನಿಂದ. ಸುಲಿಯಲು ಯಾವ ಮಟಾರೂ ಇರಲಿಲ್ಲ. ಸದಾನಂದರು ಮರಳಿ ಬಂದು ನೇರ ವೇದಿಕೆಯ ಬಳಿ ಹೋದರು. "ಮೋಹಿನಿಯಕ್ಕ, ಮೈಕು ಇನ್ನು ಕೇಳಿದವರಿಗೆ ಮಾತ್ರ ಕೊಡಿ. ಮತ್ತೆ, ಬರುವ ತಿಂಗಳು ಊಟಕ್ಕೆ ಪಲಾವ್ ನಾವೇ ಮಾಡುವ."

"ಇಷ್ಟು ಜನಕ್ಕೆ ಯಾರು ಮಾಡುದು ಮಾರಾಯ್ರೆ?" ಎಂದ ಮೋಹಿನಿಯವರು ಅವರ ಮುಖ ನೋಡಿ ಒಪ್ಪಿಕೊಂಡರು.

ಜನವರಿಯಲ್ಲಿ ಸದಾನಂದರು ಸಭಾಂಗಣದ ಮೂಲೆಯಲ್ಲಿ ಹಳೆಯ ಪೇಪರು ಹಾಸಿ ಎರಡು ಚೀಲ ಮಟಾರ್ ಸುರಿದು ಬಾಗಿಲನ್ನೇ ನೋಡುತ್ತ ಕುಳಿತರು. ಹನ್ನೊಂದೂವರೆಗೆ ಯಕ್ಷಿತಾ ಬಂದಳು. ಅರ್ಧ ಗಂಟೆ ಇಬ್ಬರೂ ತಲೆಯೆತ್ತದೆ ಸುಲಿದರು. ನಾನೂ ಹೋಗಿ ಕೂತೆ.

"ಇದಕ್ಕೆ ಕನ್ನಡದಲ್ಲಿ ಏನು, ಅಂಕಲ್?"

"ಬಟಾಣಿ."

"ಮಮ್ಮಿ ಮಟಾರ್ ಅಂತಾನೇ ಹೇಳ್ತಿದ್ರು."

"ನಾನೂ ಹಾಗೇ ಹೇಳುದು."

ಅವಳು ನಕ್ಕಳು. ಆಮೇಲೆ, ಕೈಯ ಕಾಯಿಯನ್ನೇ ನೋಡುತ್ತ, ತಾಯಿ ತೀರಿ ನಾಲ್ಕು ತಿಂಗಳಾಯಿತೆಂದೂ, ಮನೆಯಲ್ಲಿ ಈಗ ಕನ್ನಡವೇ ಕೇಳಿಸುವುದಿಲ್ಲವೆಂದೂ ತಡವರಿಸುತ್ತ ಹೇಳಿದಳು. ಯಾರೂ ತಿದ್ದಲಿಲ್ಲ. ಸುಲಿದು ಮುಗಿಯುವ ಹೊತ್ತಿಗೆ ಆ ಪೇಪರಿನ ಸುತ್ತ ಏಳು ಜನರಿದ್ದೆವು. ಅವರಲ್ಲಿ ಮೂವರ ಧ್ವನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಸಂಕೋಚದವರಿಗೆ ಜನಸಂಗ ಬೇಡವೆಂದು ನಾವು ಸುಲಭವಾಗಿ ತೀರ್ಮಾನಿಸುತ್ತೇವೆ. ಅವರಿಗೆ ಬೇಡವಾಗಿರುವುದು ಎಲ್ಲರ ದೃಷ್ಟಿ ಒಮ್ಮೆಲೇ ತಮ್ಮ ಮೇಲೆ ಬೀಳುವುದಷ್ಟೆ. ಹಾಗೆ ನೊಂದವರಲ್ಲಿ ಹೆಚ್ಚಿನವರು ದೂರ ಉಳಿದುಬಿಡುತ್ತಾರೆ. ಸದಾನಂದರಂಥ ಕೆಲವರು ಮಾತ್ರ, ತಮ್ಮ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿಟ್ಟು, ಮಾತಿಗಾಗಿ ಅವಸರಿಸದೆ ಕಾಯುತ್ತಾರೆ.