ಗುಡ್ಡದ ನಡುವಿನ ತಗ್ಗು

ರಾಣಿಯ ಕೈ ನಡುಗುತ್ತದೆ ಎಂದು ಸಾಬೀತು ಮಾಡಿದ್ದು ನನ್ನ ಲೆಕ್ಕವಂತೆ. ಎಲ್ಲರೆದುರು ಹಾಗೆಂದವರು ನಮ್ಮ ಓನರ್ ವಿಶ್ವನಾಥ್ ಸಾರ್. ನೆನೆದರೆ ಈಗಲೂ ಮೈ ಉರಿಯುತ್ತದೆ.

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಸೇತುವೆಗಳಿಗೆ ಅಂಟಿಸುವ ಸೆನ್ಸರ್ ತಯಾರಾಗುತ್ತದೆ. ಕೂದಲಿನಷ್ಟು ಸಣ್ಣ ಗಾಜಿನ ಫೈಬರ್ ಒಳಗೆ ಲೇಸರ್‌ನಿಂದ ಒತ್ತೊತ್ತಾಗಿ ಗೆರೆ ಬರೆಯುತ್ತೇವೆ. ಅದೇ ಗ್ರೇಟಿಂಗ್. ಬಿಟ್ಟ ಬೆಳಕಿನಲ್ಲಿ ಒಂದು ಬಣ್ಣವನ್ನು ಮಾತ್ರ ಅದು ವಾಪಸ್ ಕಳಿಸುತ್ತದೆ. ಸೇತುವೆ ಜಗ್ಗಿದರೆ ಆ ಬಣ್ಣ ತುಸು ಸರಿಯುತ್ತದೆ. ವಾಪಸ್ ಬಂದ ಬೆಳಕನ್ನು ಪರದೆಯ ಮೇಲೆ ನೋಡಿದರೆ ಒಂದೇ ಗುಡ್ಡ ಕಾಣಬೇಕು.

ಲೇಸರ್ ನಡೆಸಿ ಗೆರೆ ಬರೆಯುವವಳು ರಾಣಿ. ಆ ಗುಡ್ಡ ಹೇಗಿರಬೇಕೆಂದು ಮೊದಲೇ ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿ ಲೆಕ್ಕ ಹಾಕುವವಳು ನಾನು, ನೀಲಾಂಬಿಕಾ. ಸಂಜೆ ಕಾಲೇಜಿನಲ್ಲಿ ಕಲಿತ ಗಣಿತ. ಹಾಗಾಗಿ ಪ್ರತಿ ಲೆಕ್ಕವನ್ನೂ ಮತ್ತೆ ಮತ್ತೆ ನೋಡುತ್ತೇನೆ, ಆಮೇಲೂ ಬಸ್ಸಿನಲ್ಲಿ ಕೂತು ಅನುಮಾನ ಪಡುತ್ತೇನೆ.

ದಸರಾ ರಜೆಯ ನಂತರ ಬರೆದ ಪೀಸುಗಳಲ್ಲೆಲ್ಲ ಗುಡ್ಡದ ನಡುವೆ ತಗ್ಗು. ಒಂದು ಗುಡ್ಡ ಎರಡಾಗಿತ್ತು.

"ನೋಡ್ರಪ್ಪಾ, ನೀಲಾ ಮಾಡೆಲ್‌ನಲ್ಲಿ ಒಂದು, ಇವಳ ಕೈಯಲ್ಲಿ ಎರಡು," ಎಂದರು ಸಾರ್. "ಲೇಸರ್ ಓಡುವಾಗ ಅಲ್ಲಾಡಿಸ್ತಾಳೆ. ಏನಮ್ಮಾ, ಕೈ ನಡುಗುತ್ತಾ? ಬಿಪಿ ಗಿಪಿ ಇದ್ಯಾ?"

"ಫೈಬರ್ ಕ್ಲ್ಯಾಂಪಲ್ಲಿರುತ್ತೆ ಸಾರ್. ನನ್ ಕೈಯಲ್ಲೆಲ್ಲಿರುತ್ತೆ?"

"ಎದುರು ಮಾತು ಬೇರೆ! ಮನೇಲಿ ರೆಸ್ಟ್ ತಗೋ. ಬೇರೆಯವರನ್ನ ನೋಡ್ಕೋತೀನಿ."

ರಾಣಿ ಬುತ್ತಿ ಚೀಲ ಎತ್ತಿಕೊಂಡಳು. ನನ್ನ ಟೇಬಲ್ ಹತ್ತಿರ ನಿಂತು, "ಅಕ್ಕಾ, ನೀವೂ ಹಂಗೇ ಅಂದ್ರಾ?" ಎಂದಳು.

"ಇಲ್ಲ ಕಣೇ. ಇರು, ನೋಡ್ತೀನಿ."

ಅವಳು ನಿಲ್ಲಲಿಲ್ಲ.

ಗೆರೆಗಳು ಎಲ್ಲೂ ತಪ್ಪಿಲ್ಲ ಎಂದು ಕಂಪ್ಯೂಟರಿಗೆ ಹೇಳಿದವಳು ನಾನೇ. ಅದಕ್ಕೇ ಅದು ಒಂದೇ ಗುಡ್ಡ ತೋರಿಸಿತು. ಹೇಗಿರಬೇಕು ಎಂಬ ಲೆಕ್ಕ ಅದು. ಯಾರ ತಪ್ಪು ಎಂದು ಅದನ್ನು ಯಾರೂ ಕೇಳಿರಲಿಲ್ಲ. ನನ್ನ ಲೆಕ್ಕವನ್ನು ದೊಣ್ಣೆ ಮಾಡಿ ಅವಳಿಗೆ ಬಾರಿಸಲು ಇವರಿಗೆ ಅಧಿಕಾರ ಕೊಟ್ಟವರು ಯಾರು?

ಊಟ ಬಿಟ್ಟು ಕೂತೆ. ನನ್ನ ಮಾಡೆಲ್ ಗ್ರೇಟಿಂಗನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಎಷ್ಟು ಬೆಳಕು ಮುಂದೆ ಹೋಯಿತು, ಎಷ್ಟು ಹಿಂದೆ ಬಂತು ಎಂದು ನೋಡಿ ಎಲ್ಲವನ್ನೂ ಜೋಡಿಸುತ್ತದೆ. ನಡುವಿನ ಕೆಲವು ತುಂಡುಗಳಲ್ಲಿ ಗೆರೆಗಳನ್ನು ಅಳಿಸಿಬಿಟ್ಟೆ. ಗುಡ್ಡದಲ್ಲಿ ತಗ್ಗು ಬಿತ್ತು. ಖಾಲಿ ಜಾಗವನ್ನು ಸ್ವಲ್ಪ ಆಚೀಚೆ ಸರಿಸಿದಾಗ, ರಾಣಿಯ ಪೀಸಿನ ತಗ್ಗೇ ಪರದೆಯ ಮೇಲೆ ಬಂತು. ಬೇರೆ ಪೀಸುಗಳಿಗೂ ಅದೇ ಜಾಗ ಹೊಂದಿತು.

ನಡುಗುವ ಕೈ ಪ್ರತಿ ಸಲವೂ ಒಂದೇ ಕಡೆ ನಡುಗುತ್ತದೆಯೇ?

ಹಾಗಾದರೆ ತಪ್ಪು ಮಾಸ್ಕಿನಲ್ಲಿರಬೇಕು. ಲೇಸರ್ ಬೆಳಕು ಈ ಗಾಜಿನ ಬಿಲ್ಲೆಯ ಮೂಲಕವೇ ಫೈಬರಿಗೆ ಬೀಳುತ್ತದೆ. ಗೆರೆಗಳ ಅಚ್ಚು ಅದು. ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಗಾಜಿನ ನಡುವೆ ಕೆಂಪು ಪುಡಿಯ ಚುಕ್ಕೆ. ಅಲ್ಲಿ ಲೇಸರ್ ದಾಟುವುದಿಲ್ಲ, ಗೆರೆಯೂ ಬೀಳುವುದಿಲ್ಲ. ಮೇಲಿನ ಲೋಹದ ಫ್ರೇಮಿನಲ್ಲಿ ಒಣಗಿ ಉದುರುತ್ತಿದ್ದ ಕುಂಕುಮದ ಬೊಟ್ಟು.

ಆಯುಧಪೂಜೆಯ ದಿನ ಲೇತಿಗೆ, ಸ್ಪ್ಯಾನರಿಗೆ, ಕಂಪ್ಯೂಟರಿಗೆ ಕುಂಕುಮ ಹಚ್ಚಿದ ಮೇಲೆ ಸಾರ್ ಕೇಳಿದ್ದರು, "ಶೆಡ್ಡಲ್ಲಿ ಎಲ್ಲಕ್ಕಿಂತ ಕಾಸ್ಟ್ಲಿ ಐಟಂ ಯಾವುದು? ಅದಕ್ಕೇ ಇಲ್ವಲ್ಲ!" ಮಾಸ್ಕ್ ತರಿಸಿದ್ದರು. "ಬೇಡ ಸಾರ್, ಪುಡಿ ಉದುರುತ್ತೆ," ಎಂದಿದ್ದಳು ರಾಣಿ. "ಗಾಜಿಗೆ ಹಚ್ತಿಲ್ಲಮ್ಮಾ, ಫ್ರೇಮಿಗೆ," ಎಂದು ತಾವೇ ಒತ್ತಿದ್ದರು.

ಟೀ ಹೊತ್ತಿಗೆ ಎಲ್ಲರೂ ಇದ್ದಾಗಲೇ ಮಾಸ್ಕನ್ನು ಸಾರ್ ಮುಂದಿಟ್ಟು ಕಂಡದ್ದನ್ನೆಲ್ಲ ಹೇಳಿದೆ.

"ದೇವರ ಕುಂಕುಮಕ್ಕೆ ತಪ್ಪು ಹೊರಿಸ್ತೀಯೇನಮ್ಮಾ?"

"ಕುಂಕುಮಕ್ಕಲ್ಲ ಸಾರ್, ಹಚ್ಚಿದವರಿಗೆ. ಎಲ್ಲರೆದುರು ಕಳಿಸಿದ್ರಿ, ಎಲ್ಲರೆದುರೇ ಕರೀರಿ."

ಸಾರ್ ಬಗ್ಗಿ ಚುಕ್ಕೆಯನ್ನು ನೋಡಿದರು. ಆಮೇಲೆ ಫೋನ್ ತೆಗೆದು ಸ್ಪೀಕರ್‌ಗೆ ಹಾಕಿದರು.

"ರಾಣಿ, ನಾಳೆಯಿಂದ ಬಾಮ್ಮಾ. ಸರಿಹೋಯ್ತು."

"ಏನ್ ಸರಿಹೋಯ್ತು ಸಾರ್? ಮಿಷನ್ನಾ, ನನ್ ಕೈನಾ?"

ಸಾರ್ ನನ್ನ ಕಡೆ ತಿರುಗಿದರು, ನಾನು ಉತ್ತರ ಕೊಡುತ್ತೇನೆಂಬಂತೆ. ನಾನು ಫೋನಿನತ್ತ ಬೆರಳು ತೋರಿಸಿದೆ. ಈ ಒಂದು ಲೆಕ್ಕ ನನ್ನದಲ್ಲ.

"ಸಾರ್? ಕೇಳಿಸ್ತಾ?"

"ಕೈ ಸರಿಯಾಗೇ ಇತ್ತಮ್ಮಾ," ಎಂದರು. "ಕುಂಕುಮ ಹಚ್ಚಿದ್ದು ನಾನು."

"ಹಂಗಾದ್ರೆ ಬರ್ತೀನಿ. ಮಾಸ್ಕ್ ಮುಟ್ಬೇಡಿ ಸಾರ್, ನಾನೇ ಬಂದು ಒರೆಸ್ತೀನಿ."