ಕಾಣದ ತೂಕ

ಈ ಗೆರೆ ಇಳಿಯಬೇಕಿತ್ತು, ಇಳಿದಿಲ್ಲ, ಪರದೆಯ ಮೇಲೆ ನೆಟ್ಟಗೆ ಹೋಗುತ್ತಿದೆ, ಗ್ಯಾಲಕ್ಸಿಯ ಅಂಚಿನ ನಕ್ಷತ್ರಗಳು ನಿಧಾನವಾಗಿ ಸುತ್ತಬೇಕು, ಇವು ಒಳಗಿನವುಗಳಷ್ಟೇ ಜೋರಾಗಿ ಓಡುತ್ತಿವೆ, ಕಾಣುವ ತೂಕವೆಲ್ಲ ಕೂಡಿದರೂ ಇವನ್ನು ಹಿಡಿದಿಡಲು ಸಾಲದು, ಕಾಣದ್ದೇನೋ ಎಳೆಯುತ್ತಿದೆ, ಕಪ್ಪು ದ್ರವ್ಯ ಅಂತ ಬೋರ್ಡಿನ ಮೇಲೆ ಬರೆದು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತೇನೆ, ಮನೆಯಲ್ಲಿ ಮಾತ್ರ — ಇವತ್ತು ಗುರುವಾರ, ನಮ್ಮನೆಯವರು ತಡವಾಗಿ ಬರುವ ದಿನ, ಮೀಟಿಂಗ್ ಇತ್ತು ಅಂತಾರೆ, ಆರು ವಾರದಿಂದ ಅದೇ ಮೀಟಿಂಗ್, ಕೂದಲು ಒದ್ದೆ, ನಮ್ಮ ಮನೆಯದಲ್ಲದ ಸೋಪಿನ ವಾಸನೆ, ಯಾವ ಆಫೀಸಿನಲ್ಲಿ ಮೀಟಿಂಗಿಗೆ ತಲೆಸ್ನಾನ ಮಾಡಿಸುತ್ತಾರೆ, ಕೇಳಿದರೆ ಸೆಖೆ ಕಣೇ ಅಂತಾರೆ, ನಾನೇನು ಕಿವಿಗೆ ಹೂವಿಟ್ಟುಕೊಂಡಿದ್ದೇನಾ. ಕಂಪ್ಯೂಟರ್ ಆರಿಸಿ ಎದ್ದೆ, ನಾಲ್ಕೂವರೆಗೆ ಅವರ ಆಫೀಸಿನೆದುರು ಬಸ್ ಸ್ಟಾಪಿನಲ್ಲಿ ನಿಂತಿದ್ದೇನೆ, ಈ ವಯಸ್ಸಿನಲ್ಲಿ ಗಂಡನ ಬೆನ್ನು ಹತ್ತಿದವಳು, ಮುಖಕ್ಕೆ ಕೊಡೆ ಅಡ್ಡ, ಬಂದರು, ಹೆಗಲಿಗೆ ನಾನು ನೋಡದ ಚೀಲ, ಎರಡು ರಸ್ತೆ ದಾಟಿ ಒಂದು ಉದ್ದನೆಯ ಗಾಜಿನ ಕಟ್ಟಡದೊಳಗೆ ಹೋದರು, ಯಾರವಳು, ನನಗಿಂತ ತೆಳ್ಳಗಿರುತ್ತಾಳೆ, ಇದ್ದೇ ಇರುತ್ತಾಳೆ — ಬಾಗಿಲು ತಳ್ಳಿದೆ, ಬೆಚ್ಚನೆಯ ಹಬೆ, ಪಕ್ಕದ ಸ್ನಾನದ ಕೋಣೆಯಿಂದ ಅದೇ ಸೋಪಿನ ವಾಸನೆ, ಈಜುಕೊಳ.

ಗೇಣುದ್ದದ ಮಕ್ಕಳು ದಬದಬ ನೀರಿಗೆ ಹಾರುತ್ತಿವೆ, ನಡುವೆ ನಲವತ್ತೇಳರ ನನ್ನ ಗಂಡ, ಎದೆಮಟ್ಟದ ನೀರಲ್ಲಿ ಅಂಚು ಹಿಡಿದು ಗೋಡೆಗೆ ಮುಖ ಮಾಡಿ ನಿಂತಿದ್ದಾರೆ, ಕೊರಳಲ್ಲಿ ಶಿಳ್ಳೆ ತೂಗಿಸಿಕೊಂಡ ಈಜು ಕಲಿಸುವವಳು ಯಾರು ಬೇಕಿತ್ತು ಅಂದಳು, ಅವರ ಮನೆಯವಳು ಅಂದೆ, ಓ ಅಕ್ಕಾ, ಆರು ವಾರ ಆಯ್ತು, ಅಂಚು ಬಿಡೋದೇ ಇಲ್ಲ, ಪಾಪ, ಇವರ ತಮ್ಮ ಇವರ ಕಣ್ಣೆದುರೇ ಮುಳುಗಿಹೋದನಂತಲ್ಲ, ಈಗ ನಿಮ್ಮ ಮಗಳು ಸಮುದ್ರಕ್ಕೆ ಹೋಗೋಣ ಅಂತ ಹಟ ಹಿಡಿದಿದ್ದಾಳಂತೆ. ಯಾವ ತಮ್ಮ. ನನಗಿವನೊಬ್ಬನೇ ಮಗ ಅಂದಿದ್ದರು ಅತ್ತೆ, ಗೋಡೆಯ ಮೇಲೆ ಒಂದು ಫೋಟೋ ಇಲ್ಲ, ತುಂಬಿಸಿಟ್ಟ ಬಕೆಟ್ಟನ್ನು ಚೆಲ್ಲಿಬಿಡುವ ಇವರು, ಹೊಳೆ ಬಂದರೆ ಬಸ್ಸಿನ ಕಿಟಕಿ ಎಳೆಯುವ ಇವರು, ಊಟಕ್ಕೆ ಒಂದು ತಟ್ಟೆ ಹೆಚ್ಚು ತೆಗೆದು ಮತ್ತೆ ಒಳಗಿಡುತ್ತಿದ್ದ ಅತ್ತೆ, ಅರಳುಮರಳು ಅಂದುಕೊಂಡಿದ್ದೆ, ನಾನು ಮದುವೆಯಾಗಿ ಬಂದ ಹತ್ತೊಂಬತ್ತು ವರ್ಷವೂ ಈ ಮನೆಯೆಲ್ಲ ಅವನ ಸುತ್ತಲೇ ತಿರುಗಿದೆ, ನನಗೆ ಕಾಣಲಿಲ್ಲ, ಅಥವಾ ಕಾಣದ ಹಾಗೆ ನೋಡಿಕೊಂಡರಾ, ಗುರುತಿಲ್ಲದವಳ ಹತ್ತಿರ ಹೇಳಿದ್ದನ್ನು ನನಗೆ ಯಾಕೆ ಹೇಳಲಿಲ್ಲ, ಇನ್ನೂ ಏನೇನು ಹೇಳಿಲ್ಲ — ಬಿಡಿ ಸಾರ್, ಒಂದು ಕೈ ಮಾತ್ರ, ಅಂತಿದ್ದಾಳೆ ಅವಳು, ಕರೆಯಲಾ, ಕರೆದರೆ ತಿರುಗುತ್ತಾರೆ, ತಿರುಗಿದರೆ — ನೀಲಿ ಅಂಚಿನ ಮೇಲೆ ಹತ್ತು ಬೆರಳು, ಗೆಣ್ಣುಗಳು ಬಿಳಿಚಿ, ಹತ್ತು, ಒಂದು ಎದ್ದಿತು, ಒಂಬತ್ತು, ಮತ್ತೆ ಕೂತಿತು, ಹತ್ತು